ಅಜ್ಜನ ಕೋವಿಗೆ ತುಕ್ಕು: ಮನೇಲೇ ರಿಪೇರಿ ಮಾಡ್ಬಹುದಾ?

ಬೇಲೂರು ಕಡೆಯ ಕಾಫಿ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಹಳೇ ಕೋವಿ ಇರೋದುಂಟು. ಮಳೆಗಾಲದ ತೇವಕ್ಕೆ ನಳಿಗೆ ತುಕ್ಕು ಹಿಡಿಯುತ್ತೆ, ಮರದ ಹಿಡಿ ಮಂಕಾಗುತ್ತೆ. ಹಾಗಂತ ವಿಡಿಯೋ ನೋಡ್ಕೊಂಡು ಬಿಚ್ಚೋಕೆ ಹೋಗ್ಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ರಿಪೇರಿಗೂ ಬೇರೆ ಲೈಸೆನ್ಸ್ ಬೇಕು.

ಕೋವಿಯ ಲೈಸೆನ್ಸ್ ಇರೋರು ಮನೇಲಿ ಮಾಡ್ಬಹುದಾದದ್ದು ಇಷ್ಟೇ: ಒಳಗೆ ತೋಟಾ ಇಲ್ಲ ಅಂತ ಎರಡು ಸಲ ನೋಡಿ, ಒರೆಸಿ, ನಳಿಗೆಗೆ ಎಣ್ಣೆ ಸವರಿ, ಹಿಡಿಗೆ ಅಗಸೆ ಎಣ್ಣೆ ತೆಳುವಾಗಿ ಉಜ್ಜೋದು. ಕುದುರೆ ಸಡಿಲವಾಗಿದ್ರೆ, ನಳಿಗೆಯೊಳಗೆ ಗುಳಿ ಬಿದ್ದಿದ್ರೆ ಲೈಸೆನ್ಸ್ ಇರೋ ರಿಪೇರಿಯವರೇ ನೋಡ್ಬೇಕು. ನಳಿಗೆ ಸಿಡಿದ್ರೆ ಹೋಗೋದು ಹಾರಿಸಿದವರ ಕೈ.

ಅಜ್ಜ ತೀರಿಕೊಂಡು, ಕೋವಿ ಇನ್ನೂ ಅಟ್ಟದಲ್ಲೇ ಇದೆಯಾ? ಮೊದಲು ಠಾಣೆಗೆ ತಿಳಿಸಿ, ಜಮಾ ಮಾಡಿ. ಆಮೇಲೆ ನಿಮ್ಮ ಹೆಸರಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಿ. ಪಾಲಿಶ್ ಕೆಲಸ ಕಾಯುತ್ತೆ.