ನೀವಾರದ ವ್ಯಾಜ್ಯ

ದೇವಾನಾಂಪ್ರಿಯನೂ ಅಶೋಕನೂ ಒಬ್ಬನೇ ಎಂಬುದು ೧೯೧೫ರಲ್ಲಿ ಮಸ್ಕಿಯ ಶಾಸನವು ದೊರೆತ ಮೇಲೆ ದೃಢಪಟ್ಟಿತೆಂಬುದನ್ನು ನಮ್ಮ ವಾಚಕರು ಬಲ್ಲರು. ಎರಡು ಹೆಸರು, ಒಬ್ಬನೇ ಅರಸು. ಸಿಂಧನೂರಿನ ಗದ್ದೆಗಳ ಭತ್ತಕ್ಕೆ ಮೂಲವಂಶವಾದ ಕಾಡುಭತ್ತದ ವಿಷಯದಲ್ಲಿ ಇಂಥದೇ ವ್ಯಾಜ್ಯವೊಂದು ಇನ್ನೂ ತೀರದೆ ಉಳಿದಿದೆ.

ಆಶ್ರಮವಾಸಿಗಳ ಆಹಾರವಾಗಿದ್ದ ನೀವಾರದ ಹೆಸರನ್ನು ೧೯೬೫ರಲ್ಲಿ ಶರ್ಮಾ ಮತ್ತು ಶಾಸ್ತ್ರಿ ಎಂಬ ವಿದ್ವಾಂಸರು ಒಂದು ಕಾಡುಭತ್ತಕ್ಕಿಟ್ಟು, ಅದನ್ನು ಪ್ರತ್ಯೇಕ ಜಾತಿಯೆಂದು ಗಣಿಸಿದರು. (ಹೆಸರಿನ ಆಯ್ಕೆ ನಮಗೆ ಬಹಳ ಮೆಚ್ಚಿಕೆಯಾಯಿತು.) ಇದು ಬೇಸಿಗೆಗೆ ಬತ್ತುವ ಹೊಂಡಗಳಲ್ಲಿ ಒಂದೇ ವರ್ಷ ಬಾಳುವುದು. ಇದರ ದಾಯಾದಿಯಾದ 'ರೂಫಿಪೋಗನ್' ನೀರಾರದ ಕೆರೆಗಳಲ್ಲಿ ಹಲವು ವರ್ಷ ಬಾಳುವುದು. ಅದರ ಪರಾಗಕೋಶವೂ ನೀಳವಾದುದು. ರೂಪವನ್ನು ನೋಡಿದರೆ ಎರಡು ಜಾತಿ. ಆದರೆ ಎರಡರ ವರ್ಣತಂತುಗಳೂ ೨೪. ಅವು ತಮ್ಮೊಳಗೆ ಬೆರೆತು ಸಂತಾನವನ್ನೂ ಪಡೆಯುವುವು. ವಂಶವಾಹಿಗಳನ್ನು ಪರೀಕ್ಷಿಸಿದ ಹಲವರು ಇವು ಒಂದೇ ಎನ್ನುತ್ತಾರೆ.

ಇದು ಪಂಡಿತರ ಕಾಲಹರಣವಲ್ಲ. ಏಷ್ಯದ ಭತ್ತವನ್ನು ಕುಬ್ಜಗೊಳಿಸುತ್ತಿದ್ದ ಒಂದು ನಂಜುರೋಗಕ್ಕೆ ತಡೆಯನ್ನು ಹುಡುಕಿ ಸಾವಿರಾರು ಮಾದರಿಗಳನ್ನು ಪರೀಕ್ಷಿಸಿದಾಗ, ಅದು ದೊರೆತುದು ಉತ್ತರಪ್ರದೇಶದ ಒಂದು ನೀವಾರದಲ್ಲಿ. ಒಂದೇ ಜಾತಿಯೆಂದು ಬರೆದು ದಾಯಾದಿಯನ್ನು ಮಾತ್ರ ಕೂಡಿಟ್ಟಿದ್ದರೆ ಆ ಗುಣವು ಕೈತಪ್ಪಬಹುದಾಗಿತ್ತು. ಹೆಸರು ಒಂದಾಗಲಿ ಎರಡಾಗಲಿ, ರೂಪವನ್ನೂ ವಂಶವನ್ನೂ ಕೂಡಿಯೇ ದಾಖಲಿಸಬೇಕೆಂಬುದು ನಮ್ಮ ಮತ. ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯದವರು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಹೊಂಡ ಕೆರೆಗಳ ಅಂಚನ್ನು, ಅವು ಮುಚ್ಚಿಹೋಗುವ ಮೊದಲೇ, ಒಮ್ಮೆ ಶೋಧಿಸಲಿ.