ಕುಡಿತ ಬಿಡಿಸಲು ಆಣೆಯೊಂದೇ ಸಾಲದು

ಬೈಲಹೊಂಗಲವಾಗಲಿ, ರಾಮದುರ್ಗವಾಗಲಿ, ಕುಡುಕನ ಮನೆಯ ಸಂಜೆ ಒಂದೇ: ಕೂಗಾಟ, ಹೆಂಡತಿಗೆ ಏಟು, ಮೂಲೆ ಹಿಡಿದ ಮಕ್ಕಳು. "ಅವರಪ್ಪನೂ ಹಂಗ ಇದ್ದಾ, ಬಿಡ್ರಿ" ಎಂದು ನೆರೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಆ ಮಾತಿನಲ್ಲಿ ಅರ್ಧ ಸತ್ಯವಿದೆ. 1998ರಲ್ಲಿ ಅಮೆರಿಕದ ಡಾ. ಫೆಲಿಟಿ ಮತ್ತು ಸಂಗಡಿಗರು 9,508 ಜನರ ಬಾಲ್ಯ ಕೆದಕಿದ ಅಧ್ಯಯನ ಪ್ರಕಟಿಸಿದರು. ಹೊಡೆತ, ಬೈಗುಳ, ಮನೆಯವರ ಕುಡಿತ, ತಾಯಿಗೆ ಬಿದ್ದ ಪೆಟ್ಟು, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ನೋವುಂಡು ಬೆಳೆದವರಲ್ಲಿ ಕುಡಿತದ ಚಟ ಅಂಥ ಯಾವ ನೋವನ್ನೂ ಕಾಣದವರಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ಕಂಡಿತು. ಹಾಗೆಂದು ಅದು ಹಣೆಬರಹವಲ್ಲ. ಹೊಡೆಯಲು ಪರವಾನಗಿಯಂತೂ ಅಲ್ಲವೇ ಅಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಣ್ಣುಮಕ್ಕಳ ಬೆನ್ನಿಗಿದೆ.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಂತಿತೆ? ಸವದತ್ತಿ ಯಲ್ಲಮ್ಮನ ಮೇಲೆ ಆಣೆ ಮಾಡಿಸುವವರು ಇದನ್ನು ತಿಳಿದಿರಬೇಕು: ದಿನಾ ವಿಪರೀತ ಕುಡಿಯುವವನು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾದೀತು. ಆಣೆ ಬೇಡವೆಂದಲ್ಲ, ಡಾಕ್ಟರೂ ಬೇಕು. ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ಧಾರವಾಡ. ಅಲ್ಲಿ ಡಿಮ್ಹಾನ್ಸ್ ಇದೆ. ಟೆಲಿ ಮಾನಸ್ 14416ಕ್ಕೆ ಫೋನು ಪುಕ್ಕಟೆ.

ಹೋಗುವುದಾದರೆ ಅಪ್ಪ ಈಗಲೇ ಹೋಗಲಿ, ಮೂಲೆಯಲ್ಲಿ ಕುಳಿತ ಮಗನ ಸರದಿ ಬರುವ ಮೊದಲು.