ದೂರದ ಈಜು: ಮೊದಲ ನೂರು ಮೀಟರಿನ ಸಂಯಮ

ಗಡಿನಾಡಿನ ನಮ್ಮ ಮಕ್ಕಳಿಗೆ ನೀರು ಹೊಸದಲ್ಲ. ತೋಟದ ಕೆರೆಯಲ್ಲಿಯೋ ಚಂದ್ರಗಿರಿ ಹೊಳೆಯಲ್ಲಿಯೋ ಹಿರಿಯರ ಕಣ್ಗಾವಲಿನಲ್ಲಿ ಈಜು ಕಲಿತವರು ಹಲವರಿದ್ದಾರೆ. ಆದರೆ ಈಜಬಲ್ಲ ಮಗು ಕ್ಲಬ್ಬಿನ ತಂಡವನ್ನು ಸೇರಿ ದೂರದ ಸ್ಪರ್ಧೆಗೆ ಅಣಿಯಾಗುವುದು ಬೇರೆಯೇ ಮಾತು. ಅಲ್ಲಿ ಮೊದಲು ಕಲಿಯಬೇಕಾದುದು ವೇಗವನ್ನಲ್ಲ, ವೇಗವನ್ನು ಹಿಡಿತದಲ್ಲಿಡುವ ವಿದ್ಯೆಯನ್ನು.

1500 ಮೀಟರ್ ಎಂದರೆ 50 ಮೀಟರ್ ಉದ್ದದ ಕೊಳದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ 30 ಬಾರಿ ಈಜುವುದು. ಮೈಯಲ್ಲಿ ಕಸುವು ತುಂಬಿರುವಾಗ ಮೊದಲ 100 ಮೀಟರನ್ನು ಎಷ್ಟು ವೇಗವಾಗಿ ಈಜಿದರೂ ಹಗುರವೆನಿಸುತ್ತದೆ. ಆ ಭ್ರಮೆಗೆ ಒಳಗಾದವರ ತೋಳು ಅರ್ಧ ದಾರಿಯಲ್ಲೇ ಭಾರವಾಗುತ್ತದೆ, ಉಸಿರಿನ ಲಯ ತಪ್ಪುತ್ತದೆ.

ತಂಡದ ಅಭ್ಯಾಸ ಈ ಭ್ರಮೆಯನ್ನು ಕಳೆಯುತ್ತದೆ. ಒಂದೇ ಪಥದಲ್ಲಿ ಐದಾರು ಮಂದಿ ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಹಿಡಿದು, 5 ಅಥವಾ 10 ಸೆಕೆಂಡುಗಳ ಅಂತರದಲ್ಲಿ ಸಾಗುತ್ತಾರೆ. ಮುಂದಿರುವವನು ನೀರನ್ನು ಸೀಳುವುದರಿಂದ ಹಿಂದಿರುವವನ ಶ್ರಮ ಕಡಿಮೆ. ಆದುದರಿಂದ ಸರದಿಯಂತೆ ಎಲ್ಲರೂ ಮುಂದಾಳುಗಳಾಗಬೇಕು. ಎಲ್ಲರ ಕಣ್ಣೂ ಕೊಳದ ಬದಿಯ ದೊಡ್ಡ ಗಡಿಯಾರದ ಸೆಕೆಂಡಿನ ಮುಳ್ಳಿನ ಮೇಲೆ.

ಒಂದು ಉದಾಹರಣೆ ನೋಡೋಣ. 100 ಮೀಟರನ್ನು ಹತ್ತು ಬಾರಿ ಈಜಬೇಕು, ಪ್ರತಿ 2 ನಿಮಿಷಕ್ಕೊಮ್ಮೆ ಹೊರಡಬೇಕು. 1 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದವರಿಗೆ 15 ಸೆಕೆಂಡು ವಿಶ್ರಾಂತಿ. ಮೊದಲನೆಯದನ್ನು 1 ನಿಮಿಷ 35 ಸೆಕೆಂಡಿನಲ್ಲಿ ಮುಗಿಸಿ, ಹತ್ತನೆಯದರಲ್ಲಿ 1 ನಿಮಿಷ 58 ಸೆಕೆಂಡಿಗೆ ಕುಸಿಯುವ ಮಗುವಿಗಿಂತ, ಹತ್ತನ್ನೂ 1 ನಿಮಿಷ 45 ಸೆಕೆಂಡಿನಲ್ಲೇ ಮುಗಿಸುವ ಮಗು ದೂರದ ಈಜಿಗೆ ಹೆಚ್ಚು ಸಿದ್ಧ.

ಈ ತಾಳ್ಮೆ ಗಂಡುಮಕ್ಕಳ ಸೊತ್ತಲ್ಲ. ಪುರುಷರ 1500 ಮೀಟರ್ ಸ್ಪರ್ಧೆ 1908ರಿಂದ ಒಲಿಂಪಿಕ್ಸಿನಲ್ಲಿದ್ದರೂ, ಮಹಿಳೆಯರಿಗೆ ಅದು ದೊರೆತದ್ದು 2021ರಲ್ಲಿ ಜರಗಿದ ಟೋಕಿಯೊ ಕೂಟದಲ್ಲಿ. ಅಲ್ಲಿ ಚಿನ್ನ ಗೆದ್ದ ಅಮೆರಿಕದ ಕೇಟಿ ಲೆಡೆಕಿ, 2012ರ ಲಂಡನ್ ಕೂಟದಲ್ಲಿ 800 ಮೀಟರ್ ಗೆದ್ದಾಗ 15ರ ಬಾಲೆ. 2024ರ ಪ್ಯಾರಿಸ್ ಕೂಟದಲ್ಲೂ ಅದೇ ದೂರವನ್ನು ಗೆದ್ದರು. ಹತ್ತನೆಯ ತರಗತಿ ಬಂತೆಂದು ಮಗಳ ಈಜನ್ನು ನಿಲ್ಲಿಸುವ ಮುನ್ನ ಹೆತ್ತವರು ಇದನ್ನು ನೆನೆಯಬೇಕು. ಪರೀಕ್ಷೆಯ ಕಾಲದಲ್ಲಿ ಅಭ್ಯಾಸದ ದಿನಗಳನ್ನು ಕಡಿಮೆ ಮಾಡಬಹುದು; ಪೂರ್ತಿ ಬಿಡಿಸಬೇಕೆಂದಿಲ್ಲ.

ಮನೆಯವರ ಹೊಣೆಯೂ ಇದೆ. ನಸುಕಿಗೆ ಕೊಳಕ್ಕಿಳಿಯುವ ಮಗುವಿಗೆ ರಾತ್ರಿ ಬೇಗನೆ ದೀಪವಾರಿಸುವ ಮನೆ ಬೇಕು. ನೀರಿನಲ್ಲಿದ್ದರೂ ಮೈ ಬೆವರುತ್ತದೆ, ಕುಡಿಯುವ ನೀರು ಜೊತೆಗಿರಲಿ. ಭುಜದ ನೋವನ್ನು ಮುಚ್ಚಿಡದೆ ತರಬೇತುದಾರರಿಗೂ ವೈದ್ಯರಿಗೂ ತಿಳಿಸಲಿ.

ಸ್ಪರ್ಧೆ ಮುಗಿಸಿ ಬಂದ ಮಗುವನ್ನು “ಎಷ್ಟನೆಯ ಸ್ಥಾನ?” ಎಂದು ಕೇಳುವ ಮುನ್ನ, “ಕೊನೆಯ ನೂರು ಮೀಟರ್ ಹೇಗಿತ್ತು?” ಎಂದು ಕೇಳೋಣ. ಅದರ ಉತ್ತರದಲ್ಲಿ ತಿಂಗಳುಗಳ ಅಭ್ಯಾಸದ ನಿಜವಾದ ಫಲ ತಿಳಿಯುತ್ತದೆ.